ಓಟ ಬಿಟ್ಟಾಗ ಸರಿಯಾದ ಎದೆ

ಡಿಗ್ರಿ ಎರಡನೇ ವರ್ಷದಲ್ಲಿದ್ದಾಗ ನನ್ನ ಎದೆಯ ಮೇಲೆ ಒಂದು ಯಂತ್ರ ಚಾಡಿ ಹೇಳಿತು. ಆ ಚಾಡಿ ನಂಬಿದವರ ಮೇಲೆ ಆಗ ಬಂದಿದ್ದ ಸಿಟ್ಟು ಈಗ ಇಳಿದಿದೆ. ಯಂತ್ರದ ಮೇಲಿನದು ಮಾತ್ರ ಅಷ್ಟಿಷ್ಟು ಉಳಿದಿದೆ. ಈಗ ಯಲಬುರ್ಗಾ ಕಡೆಯ ಒಂದು ಶಾಲೆಯಲ್ಲಿ ಮಕ್ಕಳಿಗೆ ಆಟ ಕಲಿಸುತ್ತೇನೆ. ಬೆಳಗಿನ ಪ್ರಾರ್ಥನೆ ಮುಗಿದು ಹುಡುಗಿಯರು ಬರಿಗಾಲಲ್ಲಿ ಮೈದಾನಕ್ಕೆ ನುಗ್ಗಿದಾಗ ಕುಷ್ಟಗಿಯ ಆ ದಿನಗಳು ತಾವಾಗಿಯೇ ನೆನಪಿಗೆ ಬರುತ್ತವೆ.

ನಮ್ಮ ಮನೆ ಕುಷ್ಟಗಿಯಲ್ಲಿ. ಅಪ್ಪನದು ಮೋಟಾರ್ ವೈಂಡಿಂಗ್ ಅಂಗಡಿ. ಸುತ್ತಲಿನ ದಾಳಿಂಬೆ ತೋಟಗಳಲ್ಲಿ ಎಲ್ಲಿ ಬೋರಿನ ಮೋಟಾರು ಸುಟ್ಟರೂ ನಮ್ಮ ಕಟ್ಟೆಗೆ ಬಂದು ಬೀಳುತ್ತಿತ್ತು. ಮನೆ ತುಂಬ ತಾಮ್ರದ ತಂತಿಯ ಚೂರು, ವಾರ್ನಿಶ್ ವಾಸನೆ. ರೊಟ್ಟಿಗೂ ಆ ವಾಸನೆ ಹತ್ತಿರುತ್ತದೆ ಎಂದು ಅವ್ವ ಗೊಣಗುವುದು, ಅದೇ ರುಚಿ ಎಂದು ಅಪ್ಪ ಉಣ್ಣುವುದು ದಿನದ ಮಾತು. ಗಿರಾಕಿ ಎಷ್ಟೇ ವಾದ ಮಾಡಲಿ, ಅಪ್ಪ ಮೀಟರಿನ ಎರಡು ಕಡ್ಡಿ ಮುಟ್ಟಿಸಿ ಮುಳ್ಳು ತೋರಿಸಿ, "ನಾ ಬೇಕಾರ ಸುಳ್ಳ ಹೇಳೇನು, ಮೀಟರ್ ಸುಳ್ಳ ಹೇಳಂಗಿಲ್ಲ ನೋಡ್ರಿ" ಎನ್ನುತ್ತಿದ್ದರು. ಅಲ್ಲಿಗೆ ಜಗಳ ಮುಗಿಯುತ್ತಿತ್ತು.

ನಾನು ಓಡುತ್ತಿದ್ದೆ. ಬೆಳಕು ಹರಿಯುವ ಹೊತ್ತಿಗೆ ಊರ ಹೊರಗಿನ ರಸ್ತೆಯಲ್ಲಿರುತ್ತಿದ್ದೆ, ಚೂಡಿದಾರದ ಪ್ಯಾಂಟಿನ ಮೇಲೆ ಅಪ್ಪನ ಹಳೆಯ ಶರ್ಟು ಹಾಕಿಕೊಂಡು. ಮೊದಮೊದಲು ಜನ, ಹಿಂದೆ ನಾಯಿ ಬಿದ್ದಿದೆಯೇನೋ ಎಂದು ನಿಂತು ನೋಡಿದರು. ಆಮೇಲೆ ರೂಢಿಯಾಯಿತು. ಕಳೆ ತೆಗೆಯಲು ಹೊರಟ ಹೆಂಗಸರು "ಬಸ್ ತಪ್ಪಿತೇನವಾ?" ಎಂದು ದಿನಾ ಅದೇ ಚೇಷ್ಟೆ ಮಾಡುವರು, ನಾನು ದಿನಾ ನಗುವೆ. ಸಜ್ಜೆ ಹೊಲದ ತಂಪು, ದೂರದಲ್ಲಿ ಯಾವುದೋ ಗುಡಿಯ ಮೈಕು, ನನ್ನ ಕಾಲಿನ ಸಪ್ಪಳ ಇಷ್ಟೇ. ಅಷ್ಟು ಸುಖ ನನಗೆ ಮತ್ತೆ ಯಾವುದರಲ್ಲೂ ಸಿಕ್ಕಿಲ್ಲ ಎಂದರೆ ನನ್ನ ಗಂಡ ಮುಖ ಊದಿಸುತ್ತಾನೆ, ಆದರೂ ಅದು ನಿಜ. ಮಧ್ಯಾಹ್ನ ಅಂಗಾತ ಮಲಗಿದರೆ ನನ್ನ ಎದೆ ಒಮ್ಮೆ ಬಡಿದು, ಸ್ವಲ್ಪ ಯೋಚನೆ ಮಾಡಿ, ಇನ್ನೊಮ್ಮೆ ಬಡಿಯುತ್ತಿತ್ತು. ಎಲ್ಲರದೂ ಹಾಗೇ ಎಂದುಕೊಂಡಿದ್ದೆ.

ಯುಗಾದಿ ಕಳೆದ ಮೇಲೆ ನಮ್ಮ ಕಾಲೇಜಿನ ಆಟದ ಸರ್, ವಿಶ್ವವಿದ್ಯಾಲಯದ ತಂಡಕ್ಕೆ ನನ್ನ ಹೆಸರು ಕಳಿಸಿದರು. ಗುಡ್ಡಗಾಡಿನ ಓಟ. ಶ್ರಾವಣದ ನಾಗರ ಪಂಚಮಿ ಆದ ಮೇಲೆ ಆಯ್ಕೆ. ತಂಡದಲ್ಲಿ ಓಡಿದರೆ ಮುಂದೆ ಆಟದ ಟೀಚರ್ ಆಗುವ ಬಿ.ಪಿ.ಎಡ್ ಸೀಟಿಗೆ ಬಲ, ಅದು ಸಿಕ್ಕರೆ ಜೀವಮಾನವಿಡೀ ಮೈದಾನದಲ್ಲೇ ಇರಬಹುದು. ನನಗೆ ಬೇಕಾಗಿದ್ದದ್ದು ಅದೊಂದೇ. ಅದಕ್ಕೆ ಮೊದಲು ಡಾಕ್ಟರ ಸಹಿ ಬೇಕು, ಇಸಿಜಿ ಸಮೇತ. ಇದೇನು ಮಹಾ ಎಂದು ಅಪ್ಪನ ಜೊತೆ ಊರಿನ ಒಂದು ದವಾಖಾನೆಗೆ ಹೋದೆ. ತಣ್ಣನೆಯ ಅಂಟು ಹಚ್ಚಿ, ಎದೆಗೆ ಬಟ್ಟಲು ಕಚ್ಚಿಸಿ, ಕೈಕಾಲಿಗೆ ಚಿಮಟ ಹಾಕಿದರು. ಯಂತ್ರ ಗರಗರ ಎಂದು ಗೀಟಿನ ಕಾಗದ ಉಗುಳಿತು.

ಗೀಟುಗಳ ಮೇಲೆ ಇಂಗ್ಲಿಷಿನಲ್ಲಿ ಯಂತ್ರವೇ ತನ್ನ ತೀರ್ಪು ಬರೆದಿತ್ತು. ಬಡಿತ ನಿಧಾನ, ಹೃದಯದ ಎಡಗಡೆಯ ಗೋಡೆ ದಪ್ಪವಿರಬಹುದು, ಇನ್ನೂ ಏನೇನೋ ಇರಬಹುದು, ಕೊನೆಗೆ ದಪ್ಪ ಅಕ್ಷರದಲ್ಲಿ 'ಅಬ್‌ನಾರ್ಮಲ್'. ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. "ಮಷೀನ್ ಹಿಂಗ ಬರದೈತಿ. ನಾ ಸಹಿ ಮಾಡಿದ್ರ ತಪ್ಪಾಕ್ಕೈತ್ರಿ. ಹಾರ್ಟಿನ ಡಾಕ್ಟರ್‌ಗೆ ತೋರ್ಸ್ರಿ" ಎಂದರು.

ನನಗೇನೂ ಆಗಿಲ್ಲ, ಇವತ್ತು ಬೆಳಿಗ್ಗೆಯೂ ಓಡಿ ಬಂದಿದ್ದೇನೆ ಎಂದು ನಾನು ಹೇಳಿದೆ. ಅಪ್ಪ ನನ್ನ ಮುಖ ನೋಡಲೇ ಇಲ್ಲ, ಗೀಟು ನೋಡುತ್ತಿದ್ದರು. ಅವರ ಪಾಲಿಗೆ ಮೀಟರಿನ ಮುಳ್ಳು ತೋರಿಸಿಯಾಗಿತ್ತು.

ಸಂಜೆಗೆ ಆ ಕಾಗದದ ಫೋಟೊ ನೆಂಟರ ವಾಟ್ಸಾಪ್ ಗುಂಪಿನಲ್ಲಿ ಬಿತ್ತು. ಇಸಿಜಿ ಓದಬಲ್ಲವರು ನಮ್ಮ ವಂಶದಲ್ಲಿ ಅಷ್ಟು ಜನ ಇದ್ದಾರೆಂದು ನನಗೆ ಅಂದೇ ಗೊತ್ತಾದದ್ದು. ಓಣಿಯಲ್ಲಿ "ಆಕಿಗೆ ಹಾರ್ಟ್ ಐತಂತ" ಎಂಬ ಮಾತು ಹಬ್ಬಿತು. ಇಲ್ಲದವರು ಯಾರಿದ್ದೀರಿ ಎಂದು ಕೇಳುವ ಮನಸ್ಸಾಗುತ್ತಿತ್ತು, ಆದರೆ ಬಂದವರೆಲ್ಲ ಬಾಳೆಹಣ್ಣು ಹಿಡಿದು ಮರುಕದ ಮುಖ ಹೊತ್ತು ಬರುತ್ತಿದ್ದರು, ಬಾಯಿ ಬರಲಿಲ್ಲ.

ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುವ ಕಾಕಾ ಅಲ್ಲಿನ ಒಬ್ಬ ಹಾರ್ಟಿನ ಡಾಕ್ಟರ ಹತ್ತಿರ ನಂಬರು ಹಚ್ಚಿಸಿದ. ಅಪ್ಪ, ಅವ್ವ, ನಾನು ಬಸ್ಸಿನಲ್ಲಿ ಹೋದೆವು. ಕಾಲುವೆ ಬಂದಲ್ಲಿಂದ ಎರಡೂ ಕಡೆ ಭತ್ತದ ಗದ್ದೆ, ಕಣ್ಣು ತಣ್ಣಗಾಗುವ ಹಸಿರು. ಬೇರೆ ದಿನವಾಗಿದ್ದರೆ ಅವ್ವ ಕಿಟಕಿಗೆ ಅಂಟಿಕೊಳ್ಳುತ್ತಿದ್ದಳು. ಅಂದು ನನ್ನ ಮುಂಗೈ ಹಿಡಿದು ಕೂತಿದ್ದಳು, ದಾರಿಯುದ್ದಕ್ಕೂ ಬಿಡಲಿಲ್ಲ.

ಅಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನಿಂಗ್, ಮಾಡಿದರು. ಡಾಕ್ಟರು ಒಳ್ಳೆಯವರೇ, ಆದರೆ ಹೊರಗೆ ಜಾತ್ರೆಯಷ್ಟು ಜನ ಕಾಯುತ್ತಿದ್ದರು. "ಗ್ವಾಡಿ ಸ್ವಲ್ಪ ದಪ್ಪ ಕಾಣಸ್ತೈತಿ. ಓಡಿ ಓಡಿ ಹಂಗಾಗಿರಬಹುದು, ಇಲ್ಲಾ ರೋಗ ಇರಬಹುದು. ಎರಡು ಮೂರು ತಿಂಗಳು ಓಡೋದು ನಿಲ್ಲಸ್ರಿ, ಮತ್ತ ತಗಸೂಣು. ಆವಾಗ ಯಾವುದಂತ ತಿಳಿತೈತಿ" ಎಂದರು. ಅವರು ಹೇಳಿದ ಮಾತಿನಲ್ಲಿ ಎರಡು ದಾರಿ ಇದ್ದವು. ನಮ್ಮವರ ಕಿವಿಗೆ ಬಿದ್ದದ್ದು 'ರೋಗ', 'ನಿಲ್ಲಸ್ರಿ' ಎರಡೇ.

ಅಲ್ಲಿಂದ ಶುರುವಾಯಿತು ನನ್ನ ಆರೈಕೆ. ಕೊಡ ಎತ್ತಬಾರದು, ಮೆಟ್ಟಿಲು ಹತ್ತಬಾರದು, ಜೋರಾಗಿ ನಗಲೂಬಾರದು. ಮಾದಲಿ, ಶೇಂಗಾ ಹೋಳಿಗೆ, ಕೆನೆ ಹಾಲು. ಹೆರಿಗೆಗೆ ಬಂದ ಮಗಳಿಗೂ ಇಷ್ಟು ಉಪಚಾರ ಆಗುವುದಿಲ್ಲ. ಬೆಳಿಗ್ಗೆ ಅದೇ ಹೊತ್ತಿಗೆ ಎಚ್ಚರವಾಗುತ್ತಿತ್ತು. ಹಾಸಿಗೆಯಲ್ಲಿ ಕಾಲು ತಾವೇ ಅಲುಗುತ್ತಿದ್ದವು. ಕಿಟಕಿಯಾಚೆ ಹೊಲಕ್ಕೆ ಹೋಗುವ ಹೆಂಗಸರ ಮಾತು ಕೇಳುತ್ತಿತ್ತು. ನಾನು ಗೋಡೆಯ ಕಡೆ ತಿರುಗಿ ಅಳುತ್ತಿದ್ದೆ. ಅವ್ವ ಅದನ್ನೂ ಎದೆನೋವೆಂದು ತಿಳಿದು ಬೆನ್ನು ಸವರುತ್ತಿದ್ದಳು.

ಕಾರಹುಣ್ಣಿಮೆಯ ಸುಮಾರಿಗೆ ಮತ್ತೆ ತೋರಿಸಲು, ಗಂಗಾವತಿಯ ಆ ಜಾತ್ರೆ ಬೇಡವೆಂದು, ಕೊಪ್ಪಳಕ್ಕೆ ಹೋದೆವು. ಅಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಇಸಿಜಿ, ಎಕೋ, ತಿರುಗುವ ಪಟ್ಟಿಯ ಮೇಲೆ ಓಡಿಸುವ ಪರೀಕ್ಷೆ ಎಲ್ಲ ಮಾಡಿಸಿದರು. ಓಡುವಾಗ ಕಣ್ಣು ಕತ್ತಲೆ ಬಂದಿತ್ತಾ, ಎಂದಾದರೂ ಎಚ್ಚರ ತಪ್ಪಿದ್ದೆಯಾ, ಮನೆತನದಲ್ಲಿ ಸಣ್ಣ ವಯಸ್ಸಿಗೆ ಯಾರಾದರೂ ದಿಢೀರನೆ ಹೋಗಿದ್ದಾರಾ ಎಂದು ಒಂದೊಂದಾಗಿ ಕೇಳಿದರು. ಎಲ್ಲಕ್ಕೂ ಇಲ್ಲವೆಂದೆವು. ಆಮೇಲೆ ಹಳೆಯ ಕಾಗದ, ಹೊಸ ಕಾಗದ ಅಕ್ಕಪಕ್ಕ ಇಟ್ಟರು. ಹೊಸದರ ಮೇಲೆ ಯಂತ್ರ 'ನಾರ್ಮಲ್' ಎಂದು ಬರೆದಿತ್ತು. ಎಕೋದಲ್ಲಿಯೂ ಗೋಡೆ ತೆಳ್ಳಗಾಗಿತ್ತು.

ಅವ್ವ ಆ ಕಾಗದ ಕಣ್ಣಿಗೆ ಒತ್ತಿಕೊಂಡಳು. ಅಪ್ಪ ಮೀಸೆ ತಿರುವಿ, "ರೆಸ್ಟ್ ಕೊಟ್ಟಿದ್ದಕ್ಕ ರೋಗ ಹೋತ್ರಿ ಮೇಡಂ" ಎಂದರು.

ಡಾಕ್ಟರು ನಕ್ಕರು. "ರೋಗ ಮೊದಲ ಇರಲಿಲ್ರಿ. ಆ ಮೊದಲಿನ ಚೀಟಿ ನೋಡ್ರಿ, ಅದು ದಿನಾ ಓಡೋ ಹುಡುಗಿ ಎದಿ. ಒಮ್ಮೆ ಬಡದ್ರ ಭಾಳ ರಕ್ತ ದೂಡ್ತೈತಿ, ಅದಕ್ಕ ನಿಧಾನ ಬಡಿತೈತಿ. ಈಗ ಓಟ ಬಿಟ್ಟಾಳ, ಎಲ್ಲಾರ ಹಂಗ ಆಗೇತಿ. ಓಟ ಬಿಟ್ಟಿದ್ದಕ್ಕ ಗ್ವಾಡಿ ಇಳೀತು ಅಂದ್ರ, ಅದು ಓಟದಿಂದ ಬಂದಿದ್ದು ಅಂತ ಖಾತ್ರಿ ಆತು."

ಅಪ್ಪನಿಗೆ ತಲೆ ತಿರುಗಿರಬೇಕು. "ಹಂಗಾದ್ರ ಆ ಮೀಟರ್ ತಪ್ಪೇನ್ರಿ?"

"ಗೀಟು ಖರೇನ ಅದಾವ್ರಿ. ಮ್ಯಾಲ ಬರದಿದ್ದು ಆ ಗೀಟಿಗೆ ಮಷೀನ್ ಕಟ್ಟಿದ ಅರ್ಥ. ಈಕಿ ಓಡ್ತಾಳಂತ ಅದಕ್ಕ ಯಾರು ಹೇಳಿದ್ರು? ಕುಂತು ಕೆಲಸ ಮಾಡೋರ ಜೋಡಿ ಹೋಲಿಸಿ ಬರದೈತಿ. ಹರೇದ ಹುಡುಗರದು ಹಿಂಗ ಭಾಳ ಸಲ ಆಕ್ಕೈತಿ. ಹಂಗಂತ ಎಲ್ಲಾರದೂ ಸುಳ್ಳಂತ ಬಿಡಾಕ ಬರಂಗಿಲ್ಲ, ಕೆಲವರದು ಖರೇನ ಇರತೈತಿ. ಅದಕ್ಕ ಇಷ್ಟೆಲ್ಲಾ ನೋಡಬೇಕು."

ಅಪ್ಪ ಎರಡೂ ಕಾಗದ ಕೈಗೆತ್ತಿಕೊಂಡು, "ಹತ್ತು ಎಚ್‌ಪಿ ಮೋಟಾರಿಗೆ ಎರಡು ಎಚ್‌ಪಿ ಅಳತಿ ಹಿಡದು ಕೆಟ್ಟೈತಿ ಅಂದಂಗ" ಎಂದರು. ಡಾಕ್ಟರಿಗೆ ಮೋಟಾರಿನ ವಿದ್ಯೆ ತಿಳಿಯದಿದ್ದರೂ ಹೌದೆಂದರು. ನನ್ನ ಕಡೆ ತಿರುಗಿ, "ಓಡವಾ. ನಿಧಾನಕ್ಕ ಶುರು ಮಾಡು. ಓಡುವಾಗ ಎದಿ ನೋವು, ಕಣ್ಣಿಗೆ ಕತ್ತಲಿ ಬಂದ್ರ ಮಾತ್ರ ಕೂಡಲೇ ಬಾ" ಎಂದು ಸಹಿ ಹಾಕಿದರು. ಆ ಹೆಂಗಸಿನ ಕಾಲು ಹಿಡಿಯಬೇಕೆನಿಸಿತು.

ಕೊಪ್ಪಳದ ಬಸ್ ಸ್ಟ್ಯಾಂಡಿನಲ್ಲಿ ಅಪ್ಪ ಮಿರ್ಚಿ ಮಂಡಕ್ಕಿ ಕೊಡಿಸಿದರು. ನಾನು ಬಾಯಿ ತುಂಬ ಮಂಡಕ್ಕಿ ಹಾಕಿಕೊಂಡು ನಾಳೆ ಎಲ್ಲಿಂದ ಎಲ್ಲಿಗೆ ಓಡುತ್ತೇನೆಂದು ಹೇಳುತ್ತಿದ್ದೆ. ಅವ್ವ ಪೊಟ್ಟಣ ಬಿಚ್ಚಿರಲೇ ಇಲ್ಲ.

"ನೀ ಓಡಂಗಿಲ್ಲ" ಎಂದಳು. "ನಾ ಮಾತು ಕೊಟ್ಟೀನಿ."

ನಡೆದದ್ದು ಇದು. ನಾನು ಮಲಗಿದ್ದ ಆ ತಿಂಗಳುಗಳಲ್ಲಿ ಅವ್ವ ತನ್ನ ತವರಿಗೆ ಹೋಗಿ ಬಂದಿದ್ದಳು. ತವರು ಮಂಗಳೂರು. ಕಡಲ ಕಡೆಯದಲ್ಲ, ನಮ್ಮ ಯಲಬುರ್ಗಾದ ಕಡೆಯದು. ಅಲ್ಲಿ ಅವರ ಮನೆಯವರು ತಲೆಮಾರಿನಿಂದ ನಡೆದುಕೊಳ್ಳುವ ಒಂದು ದರ್ಗಾ ಇದೆ. ಮಕ್ಕಳಿಗೆ ಜ್ವರ ಬಂದರೂ, ಎಮ್ಮೆ ಹಾಲು ಕೊಡುವುದು ಬಿಟ್ಟರೂ ಅಲ್ಲಿ ಸಕ್ಕರೆ ಇಟ್ಟು ಫಾತಿಹಾ ಓದಿಸುತ್ತಾರೆ. ಹರಕೆ ಹೊರುವ ರೀತಿ ಮಾತ್ರ ಅವರದೇ. ಬೆಳ್ಳಿ, ಬಟ್ಟೆ ಕೊಡುವುದಲ್ಲ, ಪ್ರೀತಿಯ ಒಂದನ್ನು ಬಿಟ್ಟುಕೊಡುವುದು. ಮಾವ ಸಣ್ಣವನಿದ್ದಾಗ ಬಂದ ಜ್ವರಕ್ಕೆ ಅಜ್ಜಿ ಎಲೆ ಅಡಿಕೆ ಬಿಟ್ಟವಳು, ಸಾಯುವವರೆಗೂ ಮುಟ್ಟಲಿಲ್ಲ. ಅವ್ವ ಹೋಗಿ, ಮಗಳ ಚೀಟಿ ಒಳ್ಳೆಯದು ಬಂದರೆ ಅವಳು ಇನ್ನು ಓಡುವುದಿಲ್ಲ ಎಂದು ಬೇಡಿಕೊಂಡು ಬಂದಿದ್ದಳು. ಚೀಟಿ ಒಳ್ಳೆಯದೇ ಬಂದಿತ್ತು.

ಬಸ್ಸಿನಲ್ಲಿ ನಾನು ಅತ್ತೆ, ಬೈದೆ, ಡಾಕ್ಟರು ಹೇಳಿದ್ದನ್ನು ಮತ್ತೆ ಮತ್ತೆ ಬಿಡಿಸಿ ಹೇಳಿದೆ. ಓಟ ನಿಲ್ಲಿಸಿದ್ದಕ್ಕೇ ಆ ಚೀಟಿ ಹಾಗೆ ಬಂದದ್ದು, ನಿನ್ನ ಹರಕೆಯಿಂದಲ್ಲ ಎಂದೆ. "ನಾ ಹರಕಿ ಹೊತ್ತಿದ್ದೂ ಓಟ ಬಿಡ್ತಾಳಂತನ ಅಲ್ಲೇನು ಮತ್ತ?" ಎಂದಳು ಅವ್ವ. ನಾನು ಮತ್ತೆ ಮೊದಲಿನಿಂದ ಶುರು ಮಾಡಿದೆ. ಅಪ್ಪ ಕಿಟಕಿಯ ಹೊರಗೆ ನೋಡುತ್ತಿದ್ದರು. ಮೋಟಾರಿನ ಮಾತಾಗಿದ್ದರೆ ಬಾಯಿ ಹಾಕುತ್ತಿದ್ದರು, ದೇವರ ಮಾತಿನಲ್ಲಿ ಅವ್ವನದೇ ಆಡಳಿತ.

ಮಾರನೆಯ ವಾರ ಹೇಳದೆ ಕೇಳದೆ ಎದ್ದು ಹೊರಟೆ. ರಸ್ತೆ ಅದೇ, ಸಜ್ಜೆ ಆಗಷ್ಟೇ ಮೊಳೆತಿತ್ತು. ಸ್ವಲ್ಪ ದೂರ ಓಡುವುದರಲ್ಲಿ ಎದೆ ಡವಡವ ಹೊಡೆದುಕೊಳ್ಳತೊಡಗಿತು. ಇಷ್ಟು ದಿನ ಕೂತು ಹೋಳಿಗೆ ತಿಂದದ್ದಕ್ಕೆ ಹಾಗೆಂದು ನನಗೆ ಗೊತ್ತಿತ್ತು, ಡಾಕ್ಟರೂ ಹೇಳಿದ್ದರು. ಆದರೂ ನಿಂತುಬಿಟ್ಟೆ. ಕೈ ಎದೆಯ ಮೇಲೆ ಹೋಯಿತು. ಮಾತು ತಪ್ಪಿದ್ದಕ್ಕೆ ಹೀಗಾಯಿತೇನೋ ಎಂಬ ಯೋಚನೆ, ಬೇಡವೆಂದರೂ ಬಂತು. ಹರಕೆಯನ್ನು ಲೇವಡಿ ಮಾಡಿದ ಬಾಯಿ ನನ್ನದೇ, ಹೆದರಿ ನಿಂತ ಕಾಲೂ ನನ್ನವೇ. ನಡೆದುಕೊಂಡು ಮನೆಗೆ ಬಂದೆ. ಅವ್ವ ಒಲೆ ಹಚ್ಚದೆ ಹೊಸ್ತಿಲ ಮೇಲೆ ಕೂತಿದ್ದಳು, ಮುಖ ಬಿಳಚಿತ್ತು. ಬೈಯಲಿಲ್ಲ. ನನ್ನ ಎದೆಗೆ ಕಿವಿ ಹಚ್ಚಿ ಕೇಳಿಸಿಕೊಂಡು, ಎದ್ದು ಒಳಗೆ ಹೋದಳು. ಆಮೇಲೆ ನಾನು ಓಡಲು ಹೋಗಲಿಲ್ಲ. ಆಟದ ಸರ್ ಫೋನು ಮಾಡಿದರೆ ಎತ್ತುವುದೂ ಬಿಟ್ಟೆ.

ಶ್ರಾವಣ ಬಂತು. ಪಂಚಮಿಗೆ ಅವ್ವನನ್ನು ಕರೆದೊಯ್ಯಲು ಮಾವ ಬಂದರು, ನಾನೂ ಜೊತೆಗೆ ಹೋದೆ. ನಮ್ಮ ಕಡೆ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರೆಲ್ಲ ತವರಿಗೆ ಬಂದು, ತಂಬಿಟ್ಟು, ಎಳ್ಳುಂಡೆ, ಜೋಳದ ಅಳ್ಳು ತಿಂದು ಜೋಕಾಲಿ ಆಡುತ್ತಾರೆ. ವರ್ಷವಿಡೀ ತಲೆ ತಗ್ಗಿಸಿ ಓಡಾಡುವ ಹೆಂಗಸರು ಅಂದು ಸೆರಗು ಸೊಂಟಕ್ಕೆ ಸಿಕ್ಕಿಸಿ ಹಲಗೆಯ ಮೇಲೆ ನಿಂತು ಜೀಕುತ್ತಾರೆ, ಗಂಡಸರು ಕೆಳಗೆ ನಿಂತು ನೋಡುತ್ತಾರೆ. ಅದರಲ್ಲಿ ಅವ್ವನ ಹೆಸರು ದೊಡ್ಡದು. ಬೇವಿನ ಮರದ ಮೇಲಿನ ಎಲೆಯನ್ನು ಹಲ್ಲಿನಿಂದ ಕಿತ್ತು ತರುತ್ತಿದ್ದವಳು. ವರ್ಷಪೂರ್ತಿ ಸೊಂಟನೋವು ಎನ್ನುವ ಇವಳೇನಾ ಎಂದು ನನಗೆ ಪ್ರತಿ ಸಲ ಅನಿಸುತ್ತಿತ್ತು. ಕೆಳಗಿಳಿದಾಗ ಮುಖ ಕೆಂಪಾಗಿ, ಉಸಿರು ಏರಿ, ಹದಿನಾರರ ಹುಡುಗಿ ಆಗಿರುತ್ತಿದ್ದಳು. ನಾನು ಓಡಿ ಬಂದಾಗ ಕನ್ನಡಿಯಲ್ಲಿ ಕಾಣುತ್ತಿದ್ದ ಮುಖವೂ ಅದೇ.

ಆ ವರ್ಷವೂ ಅವಳ ಹೆಸರು ಹಿಡಿದು ಕರೆದರು. ಅವಳು ಹತ್ತಲಿಲ್ಲ. ಅಕ್ಕತಂಗಿಯರು, ಬಾಲ್ಯದ ಗೆಳತಿಯರು ಕೈ ಹಿಡಿದು ಎಳೆದರೂ "ಒಲ್ಲೆ" ಎಂದಳು. ಯಾಕವ್ವಾ, ಸೊಂಟ ಹಿಡಿದಿದೆಯಾ ಎಂದು ಕೇಳಿದೆ. ನನ್ನನ್ನು ಗುಂಪಿನಿಂದ ಈಚೆ ಕರೆದಳು.

"ಮುಂಜಾನೆ ದರ್ಗಾಕ್ಕ ಹೋಗಿದ್ದೆ. ನಿಂದು ವಾಪಸ್ ಇಸಗೊಂಡು ನಂದು ಕೊಟ್ಟು ಬಂದೀನಿ" ಎಂದಳು. "ನಿನ್ನ ಓಟ ನಾ ಕೊಡಬಾರದಿತ್ತು. ಅದು ನನ್ನದಲ್ಲ. ನನ್ನ ಕಡೆ ಇದ್ದಿದ್ದು ಈ ಜೋಕಾಲಿ ಒಂದ. ನಾಳೆಯಿಂದ ಓಡು, ನಿಮ್ಮ ಸರಗ ಫೋನ್ ಮಾಡು."

ಬೇಡ ಎನ್ನಬೇಕಿತ್ತು, ಎನ್ನಲಿಲ್ಲ. ಓಡುವ ಆಸೆ ಅಷ್ಟಿತ್ತು. ಅವ್ವ ಸೆರಗು ಬಿಗಿದುಕೊಂಡು ಹೋಗಿ, ಬೇರೆಯವರ ಜೋಕಾಲಿಯ ಹಲಗೆ ಹಿಡಿದು ನೂಕಲು ನಿಂತಳು.

ಮಾರನೆಯ ಬೆಳಿಗ್ಗೆ ಮಂಗಳೂರಿನ ಹೊರಗಿನ ರಸ್ತೆಯಲ್ಲಿ ಓಡಿದೆ. ಎದೆ ಬಡಿಯಿತು, ಬಡಿಯಲಿ ಬಿಡು ಎಂದೆ. ಎರೆಹೊಲದ ವಾಸನೆ ಮೂಗಿಗೆ ಬಂದಾಗ ಅಳು ಬಂತು, ಓಡುತ್ತಲೇ ಅತ್ತೆ. ಆಯ್ಕೆಯ ದಿನ ನಾನು ಎಲ್ಲರಿಗಿಂತ ಹಿಂದಿನವರಲ್ಲಿ ಒಬ್ಬಳು, ಆ ವರ್ಷ ತಂಡಕ್ಕೆ ಸೇರಲಿಲ್ಲ. ಮರುವರ್ಷ ಸೇರಿದೆ. ಬಿ.ಪಿ.ಎಡ್ ಆಯಿತು, ನೌಕರಿ ಆಯಿತು. ಎದೆ ಮತ್ತೆ ಹಳೆಯ ಹಾಗೆ ಯೋಚನೆ ಮಾಡಿ ಮಾಡಿ ಬಡಿಯಲು ಕಲಿಯಿತು. ನೌಕರಿಯ ಮೆಡಿಕಲ್‌ನಲ್ಲಿ ಯಂತ್ರ ಮತ್ತೊಮ್ಮೆ ಚಾಡಿ ಹೇಳಿದಾಗ, ನಾನು ಓಡುವವಳು ಎಂದು ಮೊದಲೇ ಹೇಳಿದ್ದರಿಂದ ಡಾಕ್ಟರು ನಕ್ಕು ಸಹಿ ಮಾಡಿದರು.

ಕಳೆದ ಪಂಚಮಿಗೂ ಅವ್ವನೊಡನೆ ಅವಳ ತವರಿಗೆ ಹೋಗಿದ್ದೆ. ಜೋಕಾಲಿಯ ಹಗ್ಗ ಹೊಸದು, ಮರ ಅದೇ. ಮಧ್ಯಾಹ್ನ ಉಂಡು ಎಲ್ಲರೂ ಅಡ್ಡಾಗಿದ್ದರು, ಮರದ ಕೆಳಗೆ ನಾವಿಬ್ಬರೇ. ನಾನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡದ್ದನ್ನು ಹೇಳಿಬಿಟ್ಟೆ. "ಅವ್ವಾ, ನನಗ ಮೊದಲಿಂದ ಏನೂ ಆಗಿರಲಿಲ್ಲ. ಆ ಹರಕಿನೂ ಬೇಕಿರಲಿಲ್ಲ, ಈ ಹರಕಿನೂ ಬೇಕಿರಲಿಲ್ಲ. ಜೋಕಾಲಿ ಹತ್ತು, ಯಾರೂ ನೋಡಂಗಿಲ್ಲ."

"ಗೊತ್ತೈತಿ" ಎಂದಳು. "ಕೊಪ್ಪಳದ ಡಾಕ್ಟರ್ ಹೇಳಿದ್ದು ಅವತ್ತ ತಿಳದಿತ್ತು ನನಗ. ಸಾಲಿ ಕಲೀದಿದ್ರ ಏನಾತು, ಆಕಿ ಹೇಳಿದ್ದು ಕನ್ನಡದಾಗ."

"ಮತ್ಯಾಕ ಕೊಟ್ಟಿ?"

"ನಿನ್ನ ಎದಿ ಛಲೋ ಐತಿ ಅಂತ ಆಕಿ ಚೀಟಿ ಕೊಟ್ಲು. ನೀ ದಿನಾ ಓಡಾಕ ಹ್ವಾದ್ರ ಮನ್ಯಾಗ ಕುಂತು ಬಡಕೊಳ್ಳೋದು ನನ್ನ ಎದಿ. ಅದಕ್ಕ ಯಾರು ಚೀಟಿ ಕೊಡ್ತಾರ? ಏನರ ಕೊಟ್ಟು ಅದನ್ನ ಸುಮ್ಮನ ಮಾಡಬೇಕಿತ್ತು."

ಅವ್ವ ಹಲಗೆಯ ಮೇಲಿನ ಎಲೆ ಕೊಡವಿ, ನನ್ನ ರಟ್ಟೆ ಹಿಡಿದು ಹತ್ತಿಸಿದಳು. ಹಗ್ಗ ಗಟ್ಟಿ ಹಿಡಿ ಎಂದಳು. ವಯಸ್ಸಾದ ಎರಡು ಕೈ ನನ್ನ ಬೆನ್ನಿಗೆ ಬಂದವು, ನೂಕಿದವು, ನಾನು ಮೇಲಕ್ಕೆ ಹೋದೆ.